ಊಟದ ಬಿಡುವಿನಲ್ಲಿ ಸತ್ತ ಭಾಷೆ ಕಲಿತ ಜಾರ್ಜ್ ಸ್ಮಿತ್: ಕಥೆಯಲ್ಲಿ ನಿಜವೆಷ್ಟು, ಬಿಟ್ಟುಹೋದದ್ದೆಷ್ಟು?

ಲಂಡನ್ನಿನ ಬಡ ಹುಡುಗನೊಬ್ಬ ನೋಟಿನ ಅಚ್ಚು ಕೆತ್ತುವ ಕೆಲಸಕ್ಕೆ ಸೇರುತ್ತಾನೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮ್ಯೂಸಿಯಂಗೆ ಓಡುತ್ತಾನೆ. ಯಾರ ಸಹಾಯವೂ ಇಲ್ಲದೆ, ನೂರಾರು ವರ್ಷ ಯಾರೂ ಓದದ ಭಾಷೆಯೊಂದನ್ನು ತಾನೇ ಕಲಿಯುತ್ತಾನೆ. ಒಂದು ದಿನ ಮಣ್ಣಿನ ಹಲಗೆಯೊಂದರಲ್ಲಿ ಪ್ರಳಯದ ಕಥೆ ಓದಿ, ಸಂತೋಷ ತಡೆಯಲಾರದೆ ಬಟ್ಟೆ ಕಳಚಿ ಕೋಣೆಯ ತುಂಬಾ ಓಡಾಡುತ್ತಾನೆ. ಕೊನೆಗೆ ಒಂದು ಉಪದೇಶ: ಡಿಗ್ರಿ ಬೇಕಿಲ್ಲ, ಛಲ ಇದ್ದರೆ ಸಾಕು.

ಇಂಥ ಕಥೆ ಫೋನಿಗೆ ಬಂದರೆ ಓದಿದವರು ಹತ್ತು ಗುಂಪಿಗೆ ಕಳಿಸದೆ ಇರುವುದಿಲ್ಲ. ನಾವು ಇದನ್ನು ಪರಿಶೀಲನೆಗೆ ಎತ್ತಿಕೊಂಡಾಗ ಪೂರ್ತಿ ಕಟ್ಟುಕಥೆ ಇರಬೇಕು ಎಂದೇ ಅಂದುಕೊಂಡಿದ್ದೆವು. ಹಾಗಾಗಲಿಲ್ಲ. ಆ ಮನುಷ್ಯ ಇದ್ದದ್ದು ನಿಜ, ಹೆಸರು ಜಾರ್ಜ್ ಸ್ಮಿತ್. ನೋಟಿನ ಅಚ್ಚು, ಊಟದ ಬಿಡುವು, ಪ್ರಳಯದ ಹಲಗೆ ಎಲ್ಲವೂ ನಿಜ. ಸುಳ್ಳು ಕೂತಿರುವುದು 'ಯಾರ ಸಹಾಯವೂ ಇಲ್ಲದೆ' ಎಂಬ ಮಾತಿನಲ್ಲಿ. ಬಟ್ಟೆಯ ವಿಷಯಕ್ಕೆ ಸಾಕ್ಷಿ ತೀರಾ ತೆಳು. ಇನ್ನು ಕಥೆಯ ಕೊನೆ ಹೇಳುವವರೇ ಕಡಿಮೆ.

ಹದಿನಾಲ್ಕಕ್ಕೆ ಕೆಲಸ

ಜಾರ್ಜ್ ಸ್ಮಿತ್ ಹುಟ್ಟಿದ್ದು 1840ರ ಮಾರ್ಚ್ 26ರಂದು, ಲಂಡನ್ನಿನ ಚೆಲ್ಸಿಯಲ್ಲಿ. ದುಡಿದು ತಿನ್ನುವ ಮನೆತನ. ಆ ಕಾಲದ ಇಂಗ್ಲೆಂಡಿನಲ್ಲಿ ಅಂಥ ಮನೆಯ ಮಕ್ಕಳಿಗೆ ಕಾಲೇಜಿನ ಮಾತೇ ಇರಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಬ್ರಾಡ್‌ಬರಿ ಅಂಡ್ ಇವಾನ್ಸ್ ಎಂಬ ಮುದ್ರಣ ಸಂಸ್ಥೆಯಲ್ಲಿ ಬ್ಯಾಂಕ್ ನೋಟಿನ ಅಚ್ಚು ಕೆತ್ತುವುದನ್ನು ಕಲಿಯಲು ಸೇರಿಸಿದರು.

ಈ ಕೆಲಸವನ್ನು ಕಡೆಗಣಿಸಬೇಡಿ. ನೋಟಿನ ಅಚ್ಚು ಕೆತ್ತುವವನು ಲೋಹದ ತಗಡಿನ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು ಎಡಬಲ ತಿರುವಿ ಕೆತ್ತಬೇಕು. ಒಂದು ಗೆರೆ ತಪ್ಪಿದರೆ ಖೋಟಾನೋಟಿಗೂ ಅಸಲಿ ನೋಟಿಗೂ ವ್ಯತ್ಯಾಸ ಉಳಿಯದು. ದಿನವಿಡೀ ಗೆರೆಗೂ ಗೆರೆಗೂ ಇರುವ ಕೂದಲಂತರವನ್ನೇ ನೋಡುತ್ತಾ ಸ್ಮಿತ್ ಅವರ ಕಣ್ಣು ಪಳಗಿತು. ಮುಂದೆ ಇದೇ ಕಣ್ಣು ಅವರನ್ನು ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ಓದಿದವರಿಗಿಂತ ಮುಂದಕ್ಕೆ ಒಯ್ದಿತು ಎಂಬುದು ನಮ್ಮ ಅಭಿಪ್ರಾಯ.

ಆಗಷ್ಟೇ ಇರಾಕಿನ ಮೋಸುಲ್ ಪಟ್ಟಣದ ಎದುರಿನ ದಿಬ್ಬಗಳಲ್ಲಿ ನಿನೆವೆ ಎಂಬ ಹಳೆಯ ರಾಜಧಾನಿ ಸಿಕ್ಕಿತ್ತು. ಆಸ್ಟಿನ್ ಹೆನ್ರಿ ಲೇಯಾರ್ಡ್ ಎಂಬ ಇಂಗ್ಲಿಷ್ ಸಾಹಸಿ ಮತ್ತು ಮೋಸುಲಿನವರೇ ಆದ ಹೋರ್ಮುಜ್ದ್ ರಸಾಂ ಅಲ್ಲಿ ಅಗೆದು, ಕ್ರಿಸ್ತಪೂರ್ವ ಏಳನೇ ಶತಮಾನದ ಅಸೀರಿಯದ ದೊರೆ ಅಶುರ್‌ಬನಿಪಾಲನ ಗ್ರಂಥಭಂಡಾರವನ್ನು ಹೊರತೆಗೆದಿದ್ದರು. ಗ್ರಂಥ ಎಂದರೆ ಕಾಗದವಲ್ಲ, ಮಣ್ಣಿನ ಹಲಗೆಗಳು. ಹಸಿ ಮಣ್ಣಿನ ಮೇಲೆ ಬೆಣೆಯಾಕಾರದ ಗುರುತು ಒತ್ತಿ ಬರೆದ ಕ್ಯೂನಿಫಾರ್ಮ್ ಲಿಪಿ. ಇವತ್ತಿನ ಲೆಕ್ಕದಲ್ಲಿ ಹಲಗೆ ಮತ್ತು ಚೂರುಗಳು ಸೇರಿ 30,000ಕ್ಕೂ ಹೆಚ್ಚು. ಅವೆಲ್ಲ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಮೋಸುಲಿನ ಮಣ್ಣಿನಲ್ಲಿ ಸಿಕ್ಕಿದ್ದು ಲಂಡನ್ನಿಗೆ ಹೋದದ್ದು ಸರಿಯೇ ಎಂಬ ಪ್ರಶ್ನೆ ಇವತ್ತಿಗೂ ಇದೆ. ಅದು ಬೇರೆಯೇ ಲೇಖನಕ್ಕಾಗುವ ವಿಷಯ.

ಲೇಯಾರ್ಡ್ ಬರೆದ ಪುಸ್ತಕಗಳನ್ನು ಓದಿ ಹುಚ್ಚು ಹತ್ತಿಸಿಕೊಂಡವರಲ್ಲಿ ನಮ್ಮ ಅಚ್ಚು ಕೆತ್ತುವ ಹುಡುಗನೂ ಒಬ್ಬ. ಕೆಲಸದ ಜಾಗದಿಂದ ಮ್ಯೂಸಿಯಂಗೆ ನಡೆದೇ ಹೋಗಬಹುದಿತ್ತು. ಊಟದ ಹೊತ್ತಿನಲ್ಲಿ ಅಲ್ಲಿ ಹೋಗಿ ಕೂರುವುದು ರೂಢಿಯಾಯಿತು.

ಬೀಗ ಆಗಲೇ ತೆಗೆದಿತ್ತು

ಇಲ್ಲೇ ಕಥೆ ಮೊದಲ ಬಾರಿ ದಾರಿ ತಪ್ಪುತ್ತದೆ. ಯಾರಿಗೂ ಗೊತ್ತಿಲ್ಲದ ಲಿಪಿಯನ್ನು ಸ್ಮಿತ್ ಒಬ್ಬರೇ ಬಿಡಿಸಿದರು ಎಂಬ ಭಾವನೆ ಬರುವಂತೆ ಅದನ್ನು ಹೇಳುತ್ತಾರೆ. ಅವರು ಕಲಿಯಲು ಹೊರಟಾಗ ಆ ಲಿಪಿಯ ಬೀಗ ಆಗಲೇ ತೆಗೆದಿತ್ತು.

ತೆಗೆದವರಲ್ಲಿ ಮುಖ್ಯರು ಹೆನ್ರಿ ರಾಲಿನ್‌ಸನ್. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆಂದು ಮುಂಬೈಗೆ ಬಂದು, ಅಲ್ಲಿಂದ ಇರಾನಿಗೆ ಹೋದವರು. ಇರಾನಿನ ಬೆಹಿಸ್ತೂನ್ ಬಂಡೆಯ ಎತ್ತರದಲ್ಲಿ ದೊರೆ ದಾರಿಯಸ್ ಒಂದೇ ವಿಷಯವನ್ನು ಮೂರು ಭಾಷೆಗಳಲ್ಲಿ ಕೆತ್ತಿಸಿದ್ದ: ಹಳೆಯ ಪರ್ಷಿಯನ್, ಎಲಮೈಟ್, ಬ್ಯಾಬಿಲೋನಿಯನ್. ಮೊದಲನೆಯದು ತಿಳಿದರೆ ಅದರ ಆಸರೆಯಲ್ಲಿ ಮೂರನೆಯದಕ್ಕೆ ದಾರಿ. ಐರ್ಲೆಂಡಿನ ಹಳ್ಳಿಯೊಂದರ ಪಾದ್ರಿ ಎಡ್ವರ್ಡ್ ಹಿಂಕ್ಸ್ ಅವರ ಪಾಲೂ ಇದರಲ್ಲಿ ಕಡಿಮೆಯೇನಲ್ಲ.

ಇವರು ಓದುತ್ತಿದ್ದಾರೋ, ಬರೀ ಊಹಿಸುತ್ತಿದ್ದಾರೋ ಎಂಬ ಅನುಮಾನ ಆಗಲೂ ಇತ್ತು. 1857ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿ ಒಂದು ಪರೀಕ್ಷೆ ನಡೆಸಿತು. ಹೊಸದಾಗಿ ಸಿಕ್ಕ ಒಂದೇ ಶಾಸನವನ್ನು ರಾಲಿನ್‌ಸನ್, ಹಿಂಕ್ಸ್, ಜೂಲ್ಸ್ ಒಪ್ಪರ್ಟ್ ಮತ್ತು ಫೋಟೊಗ್ರಫಿಯ ಆರಂಭಕಾರರಲ್ಲಿ ಒಬ್ಬರಾದ ಫಾಕ್ಸ್ ಟಾಲ್ಬಟ್, ನಾಲ್ವರೂ ಬೇರೆಬೇರೆಯಾಗಿ ಅನುವಾದಿಸಿ ಲಕೋಟೆ ಮುಚ್ಚಿ ಕಳಿಸಿದರು. ಒಡೆದು ನೋಡಿದಾಗ ಮುಖ್ಯ ಸಂಗತಿಗಳಲ್ಲಿ ನಾಲ್ಕೂ ಹೊಂದಿದವು. ಆಗ ಸ್ಮಿತ್ ಅವರಿಗೆ ಹದಿನೇಳು ವರ್ಷ.

ಈ ಲಕೋಟೆಗಳನ್ನು ನೆನಪಿಡಿ. ಸಿಂಧೂ ಲಿಪಿಯನ್ನು ಒಬ್ಬನೇ ಬಿಡಿಸಿದೆ ಎಂಬ ಸಂದೇಶ ಬಂದಾಗ ನಾವು ಕೇಳಬೇಕಾದದ್ದು ಇದನ್ನೇ: ಇವರ ವಿಧಾನ ಹಿಡಿದು, ಇವರ ಮುಖ ನೋಡದ ಇನ್ನೊಬ್ಬರು ಓದಿದರೂ ಅದೇ ಅರ್ಥ ಬರುತ್ತದೆಯೇ?

ಹಾಜರ್, ಹುಜೂರ್ ಮತ್ತು ಇಮ್ಮಡಿ ಪುಲಕೇಶಿ

ಸ್ಮಿತ್ ಕಲಿತ ಭಾಷೆಯನ್ನು ಇಂದು ಅಕ್ಕಾಡಿಯನ್ ಎನ್ನುತ್ತಾರೆ. ಅಸೀರಿಯನ್, ಬ್ಯಾಬಿಲೋನಿಯನ್ ಇದರ ಎರಡು ಉಪಭಾಷೆಗಳು. ಅರಬ್ಬಿ, ಹೀಬ್ರೂ, ಅರಾಮಿಕ್, ಫಿನೀಷಿಯನ್‌ಗಳಂತೆ ಇದೂ ಸೆಮಿಟಿಕ್ ಕುಟುಂಬದ್ದು. ನಮ್ಮಲ್ಲಿ ಕಣ್ಣು ಎಂಬ ಮಾತು ಕನ್ನಡ, ತಮಿಳು, ತೆಲುಗು, ತುಳುಗಳಲ್ಲಿ ಹೇಗೆ ಒಂದೇ ಮುಖದ್ದೋ, ಅಲ್ಲೂ ಹಾಗೆ. ನಾಲಿಗೆಗೆ ಅರಬ್ಬಿಯಲ್ಲಿ ಲಿಸಾನ್, ಹೀಬ್ರೂವಿನಲ್ಲಿ ಲಾಶೋನ್, ಅಕ್ಕಾಡಿಯನ್‌ನಲ್ಲಿ ಲಿಶಾನು. ನಾಯಿಗೆ ಅರಬ್ಬಿಯಲ್ಲಿ ಕಲ್ಬ್, ಅಕ್ಕಾಡಿಯನ್‌ನಲ್ಲಿ ಕಲ್ಬು. ಒಂದು ಭಾಷೆ ಬಂದವನಿಗೆ ಇನ್ನೊಂದರ ಬಾಗಿಲು ಅರ್ಧ ತೆರೆದಂತೆಯೇ.

ಈ ಕುಟುಂಬದ ಗುಟ್ಟು ಮೂರು ವ್ಯಂಜನಗಳ ಬೇರಿನಲ್ಲಿದೆ. ನಾವು ಶಾಲೆಯಲ್ಲಿ ಹೇಳುತ್ತಿದ್ದ ಹಾಜರ್ ಮತ್ತು ಹಳೆಯ ಸರ್ಕಾರಿ ಕಾಗದಗಳ ಹುಜೂರ್, ಎರಡೂ ಅರಬ್ಬಿಯ ಒಂದೇ ಬೇರಿನವು, ಪರ್ಷಿಯನ್ ಮೂಲಕ ನಮಗೆ ಬಂದವು. ವ್ಯಂಜನ ಅವೇ ಮೂರು, ನಡುವಿನ ಸ್ವರ ಬದಲಾದರೆ ಅರ್ಥದ ಛಾಯೆ ಬದಲು. ಹುಕುಂ ಮತ್ತು ಹಕೀಮ ಕೂಡ ಹಾಗೆಯೇ ಅಣ್ಣತಮ್ಮಂದಿರು. ಕನ್ನಡದಲ್ಲಿ ಪದದ ಬಾಲಕ್ಕೆ ಪ್ರತ್ಯಯ ಅಂಟುತ್ತದೆ. ಸೆಮಿಟಿಕ್ ಭಾಷೆಗಳಲ್ಲಿ ಪದದ ಹೊಟ್ಟೆಯೊಳಗೇ ಬದಲಾವಣೆ ನಡೆಯುತ್ತದೆ.

ಭಾಷೆ ಇಷ್ಟು ಅಚ್ಚುಕಟ್ಟು. ಕಷ್ಟ ಇದ್ದದ್ದು ಲಿಪಿಯಲ್ಲಿ. ಸುಮಾರು ಆರುನೂರು ಗುರುತುಗಳು, ಒಂದೊಂದಕ್ಕೆ ಹಲವು ಓದು. ಅದು ಹೇಗೆ ಎಂದರೆ, 2 ಎಂಬ ಅಂಕಿಯನ್ನು ನೋಡಿ. 2 ರೂಪಾಯಿ ಎಂದಿದ್ದರೆ ಎರಡು ಎನ್ನುತ್ತೇವೆ, 2 ಜನ ಎಂದಿದ್ದರೆ ಇಬ್ಬರು, ಪುಲಕೇಶಿಯ ಪಕ್ಕ ಬಂದರೆ ಇಮ್ಮಡಿ. ಗುರುತು ಒಂದೇ, ಬಾಯಿಗೆ ಬರುವುದು ಮೂರು. ಕನ್ನಡ ಗೊತ್ತಿದ್ದವರಿಗೆ ಇದರಲ್ಲಿ ಗೊಂದಲವಿಲ್ಲ, ಗೊತ್ತಿಲ್ಲದವರು ತಲೆ ಚಚ್ಚಿಕೊಳ್ಳಬೇಕು. ಕ್ಯೂನಿಫಾರ್ಮ್‌ನಲ್ಲಿ ಹೆಚ್ಚುಕಡಿಮೆ ಪ್ರತಿ ಸಾಲೂ ಹೀಗೆಯೇ. ಸಾಲದ್ದಕ್ಕೆ ಲಿಪಿ ಮೂಲತಃ ಅಕ್ಕಾಡಿಯನ್ನರದ್ದಲ್ಲ. ಬೇರೆಯೇ ಕುಟುಂಬದ ಸುಮೇರಿಯನ್ ಜನರಿಂದ ಬಂದದ್ದು. ಹಾಗಾಗಿ ಸುಮೇರಿಯನ್ ಪದವನ್ನೇ ಬರೆದು ಅಕ್ಕಾಡಿಯನ್‌ನಲ್ಲಿ ಓದುವ ಪದ್ಧತಿಯೂ ಇತ್ತು.

ಸ್ಮಿತ್ ಇದನ್ನು ಕಲಿತದ್ದು ಅಚ್ಚಾದ ಶಾಸನಪಾಠಗಳನ್ನು ಎದುರಿಗಿಟ್ಟುಕೊಂಡು, ಸಾಲಿಗೆ ಸಾಲು ಹೋಲಿಸುತ್ತಾ. ಮ್ಯೂಸಿಯಂಗೆ ದಿನವೂ ಬಂದು ಕೂರುವ ಈ ಕೂಲಿಯವನನ್ನು ಅಲ್ಲಿನ ಪ್ರಾಚ್ಯ ವಿಭಾಗದ ಮುಖ್ಯಸ್ಥ ಸ್ಯಾಮ್ಯುಯೆಲ್ ಬರ್ಚ್ ಗಮನಿಸಿದರು, ರಾಲಿನ್‌ಸನ್ ಅವರಿಗೆ ತಿಳಿಸಿದರು. 1861ರಿಂದ ಸಂಜೆ ಹೊತ್ತು ಹಲಗೆಯ ಚೂರುಗಳನ್ನು ಒರೆಸಿ ವಿಂಗಡಿಸುವ ಕೆಲಸ ಸಿಕ್ಕಿತು. ಹಗಲು ನೋಟಿನ ಅಚ್ಚು, ಸಂಜೆ ಮಣ್ಣಿನ ಚೂರು. 1863ರಲ್ಲಿ ಮದುವೆ, ಆಮೇಲೆ ಮಕ್ಕಳು. ಆ ವರ್ಷಗಳಲ್ಲಿ ಸ್ಮಿತ್ ಅವರ ಹೆಂಡತಿ ಮೇರಿ ಮನೆಯನ್ನು ಹೇಗೆ ತೂಗಿಸಿದರು ಎಂಬುದನ್ನು ಯಾವ ಸಂದೇಶವೂ ಹೇಳುವುದಿಲ್ಲ.

ನೋಟಿನ ಕಣ್ಣು ಕೆಲಸಕ್ಕೆ ಬಂದದ್ದು ಇಲ್ಲಿ. ಒಂದು ಹಲಗೆ ಹತ್ತು ಚೂರಾಗಿ ಹತ್ತು ಪೆಟ್ಟಿಗೆಯಲ್ಲಿ ಬಿದ್ದಿರುತ್ತಿತ್ತು. ಅಕ್ಷರದ ಅಳತೆ, ಬರೆದವನ ಕೈ, ಒಡೆದ ಅಂಚು, ಇವನ್ನು ನೋಡಿ ಯಾವುದಕ್ಕೆ ಯಾವುದು ಕೂಡುತ್ತದೆ ಎಂದು ಹೇಳುವುದರಲ್ಲಿ ಸ್ಮಿತ್ ಪಳಗಿದರು. 1866ರಲ್ಲಿ, ಇಸ್ರೇಲಿನ ದೊರೆ ಯೇಹು ಅಸೀರಿಯದ ದೊರೆ ಮೂರನೇ ಶಾಲ್ಮನೇಸರನಿಗೆ ಕಪ್ಪ ಕೊಟ್ಟದ್ದು ಯಾವ ವರ್ಷ ಎಂಬುದನ್ನು ಶಾಸನದಿಂದ ಗೊತ್ತುಮಾಡಿ ಪ್ರಕಟಿಸಿದರು. ವಿದ್ವಾಂಸರು ತಿರುಗಿ ನೋಡಿದ್ದು ಆಗ. ಅದರ ಬೆನ್ನಿಗೇ ಮ್ಯೂಸಿಯಂನ ನೌಕರಿ ಸಿಕ್ಕಿತು, 1870ರ ಹೊತ್ತಿಗೆ ಹಿರಿಯ ಸಹಾಯಕ ಹುದ್ದೆ.

ಹಾಗಾದರೆ ತಾನೇ ಕಲಿತವರು ಎನ್ನಬಹುದೇ? ಖಂಡಿತ ಎನ್ನಬಹುದು. ಯಾವ ಗುರುವಿನ ಮುಂದೆಯೂ ಕೂತು ಪಾಠ ಹೇಳಿಸಿಕೊಂಡವರಲ್ಲ. ಆದರೆ ಅಚ್ಚಾದ ಪಾಠಗಳಿದ್ದವು, ಮೂಲ ಹಲಗೆಗಳು ಕೈಗೆ ಸಿಗುತ್ತಿದ್ದವು, ತಪ್ಪಿದರೆ ತಿದ್ದಬಲ್ಲ ರಾಲಿನ್‌ಸನ್ ಅಂಥವರು ಅದೇ ಕಟ್ಟಡದಲ್ಲಿ ಓಡಾಡುತ್ತಿದ್ದರು. ಆಮೇಲೆ ಹತ್ತು ವರ್ಷದ ದುಡಿಮೆ. ಇವುಗಳಲ್ಲಿ ಯಾವುದೊಂದನ್ನು ಕಳೆದರೂ ಸ್ಮಿತ್ ಒಳ್ಳೆಯ ನೋಟು ಕೆತ್ತುವವರಾಗಿಯೇ ಉಳಿಯುತ್ತಿದ್ದರು.

ಸೈಪ್ರಸ್ಸಿನ ಕಲ್ಲು, ಫಿನೀಷಿಯನ್ ಮಾಲೀಕ

ಸ್ಮಿತ್ ಅವರ ಹೆಸರಿನ ಜೊತೆ ಪ್ರಳಯದ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ಅದಕ್ಕೂ ಒಂದು ವರ್ಷ ಮೊದಲು ಅವರು ಮಾಡಿದ ಇನ್ನೊಂದು ಕೆಲಸ ನಮಗೆ ಇನ್ನೂ ಚೆನ್ನಾಗಿ ಕಂಡಿತು.

ಸೈಪ್ರಸ್ ದ್ವೀಪದ ಇಡಾಲಿಯನ್ ಎಂಬಲ್ಲಿ 1869ರಲ್ಲಿ ಎರಡು ಲಿಪಿಗಳಿರುವ ಕಲ್ಲೊಂದು ಸಿಕ್ಕಿತು. ಒಂದು ಫಿನೀಷಿಯನ್. ಇನ್ನೊಂದು ಸೈಪ್ರಸ್ಸಿನದೇ ಹಳೆಯ ಲಿಪಿ, ಅದನ್ನು ಯಾರೂ ಓದಿರಲಿಲ್ಲ. ಫಿನೀಷಿಯನ್ ಲಿಪಿಯಲ್ಲಿರುವುದು ಬರೀ 22 ಅಕ್ಷರ, ಎಲ್ಲವೂ ವ್ಯಂಜನ. ಅದನ್ನು ಫ್ರಾನ್ಸಿನ ಜೀನ್ ಜಾಕ್ ಬಾರ್ತೆಲೆಮಿ 1758ರಲ್ಲೇ ಬಿಡಿಸಿದ್ದರು.

ಕಲ್ಲಿನ ಫಿನೀಷಿಯನ್ ಭಾಗದಲ್ಲಿ ಮ-ಲ-ಕ ಎಂಬ ಮೂರು ಅಕ್ಷರ ಬರುತ್ತಿತ್ತು. ಅರ್ಥ ದೊರೆ. ನಾವು ಅಂಗಡಿಯ ಮಾಲೀಕ ಎನ್ನುತ್ತೇವಲ್ಲ, ಅರಬ್ಬಿಯಿಂದ ಬಂದ ಆ ಪದದ ಬೇರೂ ಇದೇ. ಕಲ್ಲಿನಲ್ಲಿದ್ದ ದೊರೆಯ ಹೆಸರು ಮಿಲ್ಕ್‌ಯಾಟನ್, ಅವನ ಊರುಗಳು ಕಿಟಿಯನ್ ಮತ್ತು ಇಡಾಲಿಯನ್. ಈ ಹೆಸರುಗಳು ಇನ್ನೊಂದು ಲಿಪಿಯಲ್ಲಿ ಎಲ್ಲಿರಬಹುದು ಎಂದು ಸ್ಮಿತ್ ಹುಡುಕಿದರು. ದೊರೆ ಎಂಬ ಅರ್ಥ ಇರಬೇಕಾದ ಜಾಗದ ಗುರುತುಗಳು ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಕೊನೆಯ ಹತ್ತಿರ ಸ್ವಲ್ಪ ಬೇರೆ ರೀತಿ ಇದ್ದವು. ದೊರೆ, ದೊರೆಯ ಎಂದು ವಿಭಕ್ತಿ ಬದಲಾದಂತೆ. ಗ್ರೀಕಿನಲ್ಲಿ ದೊರೆಗೆ ಬಸಿಲೆಯುಸ್ ಎನ್ನುತ್ತಾರೆ. ಅದನ್ನು ಇಟ್ಟು ನೋಡಿದರೆ ಗುರುತುಗಳು ಹೊಂದಿಕೊಂಡವು. ಸೈಪ್ರಸ್ಸಿನ ಆ ಲಿಪಿಯ ಒಳಗೆ ಇದ್ದದ್ದು ಗ್ರೀಕ್ ಭಾಷೆ! ಗ್ರೀಕ್ ಸ್ಮಿತ್ ಅವರ ಕ್ಷೇತ್ರವೇ ಅಲ್ಲ. ಹಲವು ಗುರುತುಗಳ ಓದನ್ನು ಕೊಟ್ಟು, 1871ರ ನವೆಂಬರಿನಲ್ಲಿ ಅದನ್ನು ಸಭೆಯ ಮುಂದಿಟ್ಟು, ಮುಂದಿನದನ್ನು ಗ್ರೀಕ್ ಬಲ್ಲವರಿಗೆ ಬಿಟ್ಟರು. ಅವರು ಮುಗಿಸಿದರು.

ಫಿನೀಷಿಯನ್ ಅಕ್ಷರಗಳು ನಮಗೂ ಪೂರ್ತಿ ಪರಕೀಯವಲ್ಲ. ಅವುಗಳಿಂದ ಅರಾಮಿಕ್ ಲಿಪಿ, ಅರಾಮಿಕ್‌ನಿಂದ ವಾಯವ್ಯ ಭಾರತದ ಖರೋಷ್ಠಿ ಹುಟ್ಟಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕನ ಶಾಸನ ಬ್ರಾಹ್ಮಿಯಲ್ಲಿದೆ. ಅದನ್ನು ಬರೆದ ಚಪಡ ಎಂಬವನು ಕೊನೆಯಲ್ಲಿ ಲಿಪಿಕಾರ ಎಂಬ ತನ್ನ ಉದ್ಯೋಗದ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಫಿನೀಷಿಯನ್ ವಂಶದ ಅಕ್ಷರಗಳನ್ನು ಕಣ್ಣಾರೆ ನೋಡಲು ಮೊಳಕಾಲ್ಮೂರು ತಾಲ್ಲೂಕಿಗೆ ಹೋದರೆ ಸಾಕು.

ಓದುಗರಲ್ಲಿ ಕೆಲವರಿಗೆ ಈಗ ತಾವೂ ಕಲಿಯಬೇಕು ಅನ್ನಿಸಿರಬಹುದು. ಮೂವತ್ತು ದಿನದಲ್ಲಿ ಪ್ರಾಚೀನ ಭಾಷೆ ಎಂಬ ಜಾಹೀರಾತುಗಳಿಗೆ ದುಡ್ಡು ಕಟ್ಟುವ ಮೊದಲು ಇಷ್ಟು ತಿಳಿದಿರಲಿ. ಫಿನೀಷಿಯನ್ ಹೀಬ್ರೂವಿಗೆ ಬಹಳ ಹತ್ತಿರ. ಉಳಿದಿರುವ ಶಾಸನಗಳಲ್ಲಿ ಹೆಚ್ಚಿನವು ಚಿಕ್ಕವು, ಇಂಥ ದೇವರಿಗೆ ಇಂಥವನು ಹರಕೆ ಒಪ್ಪಿಸಿದ ಎಂಬ ಒಂದೇ ಮಾದರಿಯವು. ಆದ್ದರಿಂದ ಮೊದಲು ಹೀಬ್ರೂ ಕಲಿತು ಇದಕ್ಕೆ ಬರುವುದು ಸುಲಭದ ದಾರಿ. ಅಕ್ಕಾಡಿಯನ್‌ಗೆ ಶಿಕಾಗೊ ವಿಶ್ವವಿದ್ಯಾಲಯದ ನಿಘಂಟು ಇದೆ. 1921ರಲ್ಲಿ ಶುರುವಾದ ಆ ಕೆಲಸ ಮುಗಿದದ್ದು 2011ರಲ್ಲಿ. ಸಂಪುಟಗಳೆಲ್ಲ ಉಚಿತವಾಗಿ ಸಿಗುತ್ತವೆ. ಅಚ್ಚಾದ ಶಾಸನವೊಂದನ್ನು ಆರಿಸಿ, ವಿದ್ವಾಂಸರ ಅನುವಾದ ನೋಡದೆ ನೀವೇ ಅನುವಾದಿಸಿ ಬರೆದಿಟ್ಟು, ಆಮೇಲೆ ಹೋಲಿಸಿ ನೋಡಿ. 1857ರ ಲಕೋಟೆಯನ್ನು ಮನೆಯಲ್ಲೇ ಒಡೆದಂತಾಗುತ್ತದೆ.

ಪ್ರಳಯ, ಪಾರಿವಾಳ ಮತ್ತು ಬಟ್ಟೆಯ ವಿಷಯ

1872ರ ನವೆಂಬರ್. ಬೆಂಕಿಯ ಭಯಕ್ಕೆ ಮ್ಯೂಸಿಯಂ ಒಳಗೆ ದೀಪ ಹಚ್ಚುವಂತಿರಲಿಲ್ಲ. ಕಿಟಕಿಯ ಬೆಳಕೇ ಗತಿ. ಪುರಾಣಕಥೆಗಳೆಂದು ಬೇರೆ ತೆಗೆದಿಟ್ಟ ಹಲಗೆಗಳಲ್ಲಿ ಒಂದನ್ನು ಓದುತ್ತಿದ್ದಾಗ ಸ್ಮಿತ್ ಅವರ ಕಣ್ಣಿಗೆ ಒಂದು ಹಡಗು ಬಿತ್ತು. ಹಡಗು ಬೆಟ್ಟದ ಮೇಲೆ ನಿಲ್ಲುತ್ತದೆ. ಅದರಿಂದ ಪಾರಿವಾಳವನ್ನು ಬಿಡುತ್ತಾರೆ, ಅದು ಕೂರಲು ನೆಲ ಸಿಗದೆ ವಾಪಸು ಬರುತ್ತದೆ. ಬೈಬಲ್ಲಿನ ನೋಹನ ಕಥೆ ಎಲ್ಲ ಇಂಗ್ಲಿಷರಂತೆ ಸ್ಮಿತ್ ಅವರಿಗೂ ಬಾಯಿಪಾಠ. ಅದೇ ಕಥೆ ಬೇರೆ ದೇವತೆಗಳ ಹೆಸರಿನಲ್ಲಿ ಇಲ್ಲಿದೆ!

ಹಲಗೆಯ ಒಂದು ಭಾಗ ಬಿಳಿ ಗಟ್ಟಿ ಪದರದಿಂದ ಮುಚ್ಚಿತ್ತು. ಅದನ್ನು ತೆಗೆಯಬಲ್ಲ ರಾಬರ್ಟ್ ರೆಡಿ ಎಂಬ ಕುಶಲಿ ಊರಲ್ಲಿರಲಿಲ್ಲ, ಅವರು ಬರುವತನಕ ಸ್ಮಿತ್ ಚಡಪಡಿಸಿದರಂತೆ. ಪದರ ಹೋದ ಮೇಲೆ ಓದಿ, ಕುಣಿದು, ಅಲ್ಲಿದ್ದವರು ಬೆರಗಾಗುವಂತೆ ಬಟ್ಟೆ ಕಳಚತೊಡಗಿದರಂತೆ.

ಈ 'ಅಂತೆ'ಗಳಿಗೆ ಮೂಲ ಇ. ಎ. ವಾಲಿಸ್ ಬಜ್ ಬರೆದ ಪುಸ್ತಕ. ಬಜ್ ಅದೇ ಮ್ಯೂಸಿಯಂನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು ನಿಜ. ಆದರೆ ಅವರು ಅಲ್ಲಿ ನೌಕರಿಗೆ ಸೇರಿದ್ದು 1883ರಲ್ಲಿ, ಸ್ಮಿತ್ ತೀರಿಕೊಂಡು ಏಳು ವರ್ಷದ ಮೇಲೆ. ಪುಸ್ತಕ ಬಂದದ್ದು 1925ರಲ್ಲಿ, ಘಟನೆ ನಡೆದು ಐವತ್ತಮೂರು ವರ್ಷಕ್ಕೆ. ಮ್ಯೂಸಿಯಂನ ಹಳಬರು ಹೇಳುತ್ತಿದ್ದದ್ದನ್ನು ಕೇಳಿ ಬರೆದಿರಬಹುದು. ಕಳಚಿದ್ದು ಬರೀ ಕೋಟೇ ಇರಬಹುದು, ಏನೂ ಕಳಚದೆಯೂ ಇದ್ದಿರಬಹುದು. ನಮ್ಮ ತೀರ್ಪು: ಸಾಬೀತಾಗಿಲ್ಲ. ಸ್ಮಿತ್ ಬಗ್ಗೆ ಒಂದೇ ಸಾಲು ಗೊತ್ತಿರುವವರಿಗೆ ಗೊತ್ತಿರುವುದು ಇದೇ ಸಾಲು ಎಂಬುದು ಬೇಸರದ ಸಂಗತಿ.

1872ರ ಡಿಸೆಂಬರ್ 3ರಂದು ಸ್ಮಿತ್ ಬೈಬಲ್ ಪುರಾತತ್ವ ಸಂಘದ ಸಭೆಯಲ್ಲಿ ಅನುವಾದವನ್ನು ಓದಿದರು. ಪ್ರಧಾನಿ ಗ್ಲಾಡ್‌ಸ್ಟನ್ ಬಂದು ಕೂತಿದ್ದರು. ಪತ್ರಿಕೆಗಳಲ್ಲಿ ಅದೇ ಸುದ್ದಿ. ಡೈಲಿ ಟೆಲಿಗ್ರಾಫ್ ಪತ್ರಿಕೆ, ಕಥೆಯ ಕಾಣೆಯಾದ ಭಾಗವನ್ನು ನಿನೆವೆಗೇ ಹೋಗಿ ಹುಡುಕಿ ಎಂದು ಸಾವಿರ ಗಿನಿ ಹಣ ಕೊಟ್ಟಿತು. ಈ ಪತ್ರಿಕೆಯ ಸಂಪಾದಕ ಎಡ್ವಿನ್ ಆರ್ನಾಲ್ಡ್ ಹಿಂದೆ ಪುಣೆಯ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದವರು. ಬುದ್ಧನ ಜೀವನ ಹೇಳುವ 'ದಿ ಲೈಟ್ ಆಫ್ ಏಷ್ಯಾ' ಕಾವ್ಯದ ಕವಿ ಇವರೇ.

ಪಾಳುಬಿದ್ದ ದೊಡ್ಡ ನಗರದಲ್ಲಿ ಅಂಗೈ ಅಗಲದ ಚೂರೊಂದನ್ನು ಹುಡುಕುವುದು ಹುಚ್ಚೇ ಸರಿ. ಆದರೆ 1873ರ ಮೇ ತಿಂಗಳಲ್ಲಿ, ಅಲ್ಲಿ ಅಗೆಯಲು ಶುರುಮಾಡಿದ ಸ್ವಲ್ಪ ದಿನಕ್ಕೇ ಪ್ರಳಯದ ಕಥೆಯ ಹದಿನೇಳು ಸಾಲುಗಳ ಚೂರು ಸ್ಮಿತ್ ಕೈಗೆ ಸಿಕ್ಕಿತು. ಬಂದ ಕೆಲಸ ಆಯಿತು ಎಂದು ಪತ್ರಿಕೆ ಖರ್ಚು ನಿಲ್ಲಿಸಿತು. ಸ್ಮಿತ್ ಅವರಿಗೆ ಇನ್ನೂ ಅಗೆಯುವ ಆಸೆ. ಅದೇ ವರ್ಷದ ಕೊನೆಗೆ ಮ್ಯೂಸಿಯಂ ಖರ್ಚಿನಲ್ಲಿ ಮತ್ತೆ ಹೋಗಿ ಬಂದರು.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಈ ಹಲಗೆ ಸಿಕ್ಕಿದ್ದರಿಂದ ಲೋಕವನ್ನೆಲ್ಲ ಮುಳುಗಿಸಿದ ಪ್ರಳಯ ನಡೆದದ್ದು ವಿಜ್ಞಾನದಿಂದ ಸಾಬೀತಾಯಿತು ಎನ್ನುವವರಿದ್ದಾರೆ. ಹಲಗೆ ತೋರಿಸುವುದು ಕಥೆ ಹಳೆಯದು ಎಂಬುದನ್ನು ಮಾತ್ರ. ಯೂಫ್ರಟೀಸ್, ಟೈಗ್ರಿಸ್ ನದಿಗಳ ಬಯಲಿನವರಿಗೆ ನೆರೆ ಹೊಸದಲ್ಲ, ಅವರು ಅದರ ಕಥೆ ಕಟ್ಟಿದರು. ನಮ್ಮ ಶತಪಥ ಬ್ರಾಹ್ಮಣದಲ್ಲೂ ಮನು ಮತ್ತು ಮೀನಿನ ಕಥೆ ಇದೆ. ಎರಡು ಊರಿನಲ್ಲಿ ಒಂದೇ ಬಗೆಯ ಕಥೆ ಇದ್ದ ಮಾತ್ರಕ್ಕೆ ಎರಡೂ ಊರು ಒಂದೇ ದಿನ ಮುಳುಗಿದವು ಎಂದಾಗುವುದಿಲ್ಲ.

ಅಲೆಪ್ಪೊ

1875, 1876ರಲ್ಲಿ ಸ್ಮಿತ್ ಪುಸ್ತಕದ ಮೇಲೆ ಪುಸ್ತಕ ಪ್ರಕಟಿಸಿದರು, ಅವು ಚೆನ್ನಾಗಿ ಮಾರಾಟವೂ ಆದವು. ಮ್ಯೂಸಿಯಂ ಮೂರನೇ ಬಾರಿ ಕಳಿಸಲು ನಿರ್ಧರಿಸಿತು. ಆ ನಾಡೆಲ್ಲ ಆಗ ಒಟ್ಟೊಮನ್ ತುರ್ಕರ ಆಡಳಿತದಲ್ಲಿತ್ತು, ಅಗೆಯಲು ಇಸ್ತಾಂಬುಲ್‌ನಿಂದ ಫರ್ಮಾನು ಬೇಕು. ಅದಕ್ಕೇ ತಿಂಗಳುಗಟ್ಟಲೆ ಹೋಯಿತು. 1876ರ ಮಾರ್ಚ್‌ನಲ್ಲಿ ಹೊರಟರು. ದಾರಿಯಲ್ಲಿ ಯೂಫ್ರಟೀಸ್ ದಂಡೆಯ ಜೆರಾಬ್ಲುಸ್ ದಿಬ್ಬವೇ ಹಳೆಯ ಕಾರ್ಕೆಮಿಶ್ ನಗರ ಎಂದು ಗುರುತಿಸಿದರು. ಅದು ಸರಿ ಎಂದು ಆಮೇಲೆ ಸಾಬೀತಾಯಿತು.

ಅದೊಂದು ಬಿಟ್ಟರೆ ಆ ಪ್ರವಾಸದಲ್ಲಿ ಒಳ್ಳೆಯದೇನೂ ಆಗಲಿಲ್ಲ. ನಾಡಿನಲ್ಲಿ ಗಲಭೆ, ಸಾಂಕ್ರಾಮಿಕ ರೋಗ. ಜೊತೆಗೆ ಬಂದಿದ್ದ ಫಿನ್ಲೆಂಡಿನ ವಿದ್ವಾಂಸ ಕಾರ್ಲ್ ಎನೆಬರ್ಗ್ ತೀರಿಕೊಂಡರು. ನಿನೆವೆಯಲ್ಲಿ ನೆಟ್ಟಗೆ ಅಗೆಯಲು ಆಗಲೇ ಇಲ್ಲ. ಬೇಸಿಗೆಯ ಉರಿಬಿಸಿಲಿನಲ್ಲಿ ಕುದುರೆಯ ಮೇಲೆ ವಾಪಸು ಹೊರಟ ಸ್ಮಿತ್ ಅವರಿಗೆ ರಕ್ತಭೇದಿ ಶುರುವಾಯಿತು. ಅಲೆಪ್ಪೊ ಇನ್ನೂ ಸುಮಾರು ನೂರು ಕಿಲೋಮೀಟರ್ ಇರುವಾಗ ಒಂದು ಹಳ್ಳಿಯಲ್ಲಿ ಕುಸಿದರು. ಕುದುರೆ ಹತ್ತಲು ಆಗದ ಅವರನ್ನು ಹೊತ್ತುಕೊಂಡು ಅಲೆಪ್ಪೊ ಸೇರಿಸಿದರು.

ಇವತ್ತಾದರೆ ಅಂಗನವಾಡಿಯಲ್ಲೂ ಸಿಗುವ ಓಆರ್‌ಎಸ್ ಪೊಟ್ಟಣ ದೇಹದ ನೀರು, ಉಪ್ಪು ಬತ್ತದಂತೆ ತಡೆಯುತ್ತದೆ. ಭೇದಿಯಲ್ಲಿ ರಕ್ತ ಕಂಡರೆ ವೈದ್ಯರು ರೋಗಾಣು ಯಾವುದೆಂದು ನೋಡಿ ಔಷಧಿ ಕೊಡುತ್ತಾರೆ. (ರಕ್ತ ಬೀಳುತ್ತಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.) 1876ರಲ್ಲಿ ಇದು ರೋಗಾಣುವಿನಿಂದ ಬರುತ್ತದೆ ಎಂಬುದೇ ಗೊತ್ತಿರಲಿಲ್ಲ. ಆಗಸ್ಟ್ 19ರಂದು ಅಲೆಪ್ಪೊದಲ್ಲಿ ಸ್ಮಿತ್ ತೀರಿಕೊಂಡರು. ಮೂವತ್ತಾರು ವರ್ಷ.

ಕೊನೆಯ ದಿನಗಳಲ್ಲಿ ಅವರು ಟಿಪ್ಪಣಿ ಪುಸ್ತಕದಲ್ಲಿ ಬರೆಯುತ್ತಿದ್ದರು. ತನ್ನ ಕರ್ತವ್ಯ ಮಾಡಿದ್ದೇನೆ, ಮನೆಯವರನ್ನು ಸ್ನೇಹಿತರು ನೋಡಿಕೊಳ್ಳಲಿ ಎಂಬ ಅರ್ಥದ ಮಾತುಗಳು ಅದರಲ್ಲಿವೆ. ಲಂಡನ್ನಿನಲ್ಲಿ ಮೇರಿ ಮತ್ತು ಚಿಕ್ಕ ಮಕ್ಕಳು ಉಳಿದರು. ರಾಣಿ ವಿಕ್ಟೋರಿಯಾ ಕಡೆಯಿಂದ ವರ್ಷಕ್ಕೆ 150 ಪೌಂಡ್ ಪಿಂಚಣಿ ಮಂಜೂರಾಯಿತು. ಅರ್ಧಕ್ಕೆ ನಿಂತ ಅಗೆತಕ್ಕೆ ಮ್ಯೂಸಿಯಂ ಮತ್ತೆ ಹೋರ್ಮುಜ್ದ್ ರಸಾಂ ಅವರನ್ನು ಕಳಿಸಿತು.

ಸ್ಮಿತ್ ಅವರ ಓದಿನಲ್ಲಿ ತಪ್ಪುಗಳೂ ಇದ್ದವು. 1873ರಲ್ಲಿ ಸಿಕ್ಕ ಹದಿನೇಳು ಸಾಲಿನ ಚೂರು ತಾನು ಹುಡುಕುತ್ತಿದ್ದ ಹಲಗೆಯದ್ದೇ ಎಂದು ಅವರು ನಂಬಿದ್ದರು. ಅದು ಅತ್ರಹಾಸಿಸ್ ಎಂಬ ಬೇರೆಯೇ ಕಾವ್ಯದ್ದು ಎಂದು ಆಮೇಲಿನವರು ಕಂಡುಕೊಂಡರು. ಇನ್ನೊಂದು, ಪ್ರಳಯದ ಕಥೆ ಬರುವ ಮಹಾಕಾವ್ಯದ ನಾಯಕನ ಹೆಸರು. ಆ ಹೆಸರನ್ನು ಬರೆದ ಮೂರು ಗುರುತುಗಳಿಗೂ ಒಂದಕ್ಕಿಂತ ಹೆಚ್ಚು ಓದು, ನಮ್ಮ ಇಬ್ಬರು ಮತ್ತು ಇಮ್ಮಡಿಯ ಹಾಗೆ. ಸ್ಮಿತ್ ಅದನ್ನು ಇಜ್ದುಬಾರ್ ಎಂದು ಓದಿದರು. ಬೇರೆ ಹೆಸರು ಇರಬಹುದು, ಸದ್ಯಕ್ಕೆ ಹೀಗೆ ಕರೆಯೋಣ ಎಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು. 1890ರಲ್ಲಿ ಅದೇ ಮ್ಯೂಸಿಯಂನ ಥಿಯೊಫಿಲಸ್ ಪಿಂಚಸ್ ಸರಿಯಾದ ಓದನ್ನು ಪ್ರಕಟಿಸಿದರು. ಗಿಲ್ಗಮೇಶ್ ಎಂಬ ಆ ಹೆಸರು ಇವತ್ತು ಶಾಲೆಯ ಮಕ್ಕಳಿಗೂ ಗೊತ್ತು. ಸ್ಮಿತ್ ತೀರಿಕೊಂಡು ಆಗ ಹದಿನಾಲ್ಕು ವರ್ಷವಾಗಿತ್ತು.